ಉಸ್ತಾದ್ ಬೇಡವೆಂದ ಪಿಕಪ್

ಉಸ್ತಾದರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಅಮೆರಿಕನ್ ಗಾಡಿಯೊಂದರ ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದಾಗ ಹಾರಿದ ನೀರು ಅಲ್ಲಿನ ಚರ್ಮವನ್ನು ಬೇಯಿಸಿದ ಮರಗೆಣಸಿನಂತೆ ಬೆಳ್ಳಗೆ, ನಯವಾಗಿ ಮಾಡಿಬಿಟ್ಟಿತ್ತು. ಯಾರಾದರೂ ಹೊಸ ಅಮೆರಿಕನ್ ಪಿಕಪ್ಪನ್ನು ಹೊಗಳಿದರೆ ಆ ಕೈಯನ್ನು ಚಾಚಿ, "ಇದು ಅವ್ರು ಕೊಟ್ಟ ಸರ್ಟಿಫಿಕೇಟ್" ಎನ್ನುತ್ತಿದ್ದರು.

ಉಪ್ಪಿನಂಗಡಿ ಕಡೆಯ ಬ್ಯಾರಿ ಅವರು. ಕುವೈತಿನ ಶುವೈಖಿನಲ್ಲಿ ಗ್ಯಾರೇಜೊಂದರ ದೊಡ್ಡ ಮೆಕ್ಯಾನಿಕ್. ಊರಿನಲ್ಲಿ ಉಸ್ತಾದ್ ಎಂದರೆ ಮದ್ರಸದಲ್ಲಿ ಓದಿಸುವವರು. ಕುವೈತಿನಲ್ಲಿ ಕೈಕೆಲಸ ಬಲ್ಲ ಮೇಸ್ತ್ರಿ. ನಾನು ಫರ್ವಾನಿಯಾದ ಅಂಗಡಿಯಲ್ಲಿ ಮೂಟೆ ಹೊರಲು ಸೇರಿದವನು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮರಳುಗಾಡಿನ ಕಾರ್ಮಿಕ ಕ್ಯಾಂಪುಗಳಿಗೆ ತರಕಾರಿ, ಮಾಂಸ ಮುಟ್ಟಿಸುವಷ್ಟು ಬೆಳೆದಿದ್ದೆ. ಎರಡು ಸಣ್ಣ ಜಪಾನಿ ಗಾಡಿಗಳು ಕತ್ತೆಯ ಹಾಗೆ ದುಡಿಯುತ್ತಿದ್ದವು. ಅಷ್ಟಕ್ಕೇ ಸುಮ್ಮನಿರಬೇಕಿತ್ತು.

ಗಾಡಿ ಪರೀಕ್ಷೆಗೆ ಉಸ್ತಾದರದೇ ಒಂದು ರೀತಿಯಿತ್ತು. ಆಗಸ್ಟಿನ ನಡುಮಧ್ಯಾಹ್ನ ಅದನ್ನು ಬಿಸಿಲಿನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಏಸಿ ಹಾಕಿ, ತಾವು ನೆರಳಿನಲ್ಲಿ ಕೂತು ಎರಡು ಲೋಟ ಸುಲೈಮಾನಿ ಚಹಾ ಕುಡಿಯುತ್ತಿದ್ದರು. ಆಮೇಲೆ ರಟ್ಟು ಹಾಸಿ ಗಾಡಿಯ ಅಡಿಗೆ ನುಸುಳಿ ಮೂಸುತ್ತಿದ್ದರು. ಹೊಸ ಅಮೆರಿಕನ್ ಗಾಡಿಗಳು ಎರಡನೇ ಲೋಟ ದಾಟುತ್ತಿರಲಿಲ್ಲ. ಡ್ಯಾಶ್‌ಬೋರ್ಡ್ ಒಂದೇ ಬೇಸಿಗೆಗೆ ಗದ್ದೆಯಂತೆ ಬಿರಿಯುತ್ತಿತ್ತು. ಬಾಗಿಲಿನ ಹಿಡಿ ಕೈಗೇ ಬರುತ್ತಿತ್ತು. ಮೊದಲ ಮರಳುಗಾಳಿಗೆ ಬಣ್ಣ ಹಪ್ಪಳವೇಳುತ್ತಿತ್ತು.

"ಹಳೇ ಅಮೆರಿಕನ್ ಗಾಡಿ ಮಾಡಿದವ್ರು ಬೇರೆ ಮಾರಾಯ್ರೆ. ಅದು ಆನೆ. ಈಗಿನದ್ದು ಮೈ ಮಾತ್ರ ಆನೆದ್ದು, ಕಾಲು ಕೋಳಿದ್ದು. ತಗೊಳ್ಳುದಾದ್ರೆ ಒಂದು ಬೇಸಿಗೆ ಕಂಡದ್ದನ್ನು ತಗೊಳ್ಳಿ."

ಗಾಡಿ ಕೊಳ್ಳುವ ಯಾರಿಗೇ ಆಗಲಿ, ಈ ಮಾತಿಗಿಂತ ಒಳ್ಳೆಯ ಸಲಹೆ ನನ್ನ ಹತ್ತಿರ ಇಂದಿಗೂ ಇಲ್ಲ. ಆದರೆ ಅಂದು ನಾನು ಕೇಳಲಿಲ್ಲ. ನನ್ನ ಕಫೀಲ್, ಅಂದರೆ ಯಾರ ಹೆಸರಿನಲ್ಲಿ ನನ್ನ ವ್ಯಾಪಾರವೂ ಗಾಡಿಗಳೂ ಇದ್ದವೋ ಆ ಅರಬ, ಎಂಟು ಸಿಲಿಂಡರಿನ ಹೊಸ ಅಮೆರಿಕನ್ ಪಿಕಪ್ಪಿನ ದೊಡ್ಡ ಮೂತಿಗೆ ಮರುಳಾಗಿದ್ದ. ನನಗೂ ಆಸೆಯಿತ್ತು. ಮೂರು ಸಂಜೆ ಶೋರೂಮಿನಲ್ಲಿ ಕೂತು ಚೌಕಾಸಿ ಮಾಡಿದೆ. ಇನ್ನು ಇಳಿಯುವುದೇ ಇಲ್ಲವೆಂದು ಅವರು ಹಟ ಹಿಡಿದಾಗ, ಸೆಕೆಯ ದೇಶಕ್ಕೆಂದು ಹಾಕುವ ದೊಡ್ಡ ರೇಡಿಯೇಟರೂ ಗೇರ್ ಎಣ್ಣೆ ತಣಿಸುವ ಕೂಲರೂ ಬೇಡ, ಅವನ್ನು ಕಳೆದು ಬೆಲೆ ಹೇಳಿ ಎಂದೆ. ಅವೆಲ್ಲ ಅಂಗಡಿಯವರು ತಲೆಗೆ ಕಟ್ಟುವ ಸಾಮಾನು ಎಂದು ನನ್ನ ಲೆಕ್ಕ. ಅವರು ಕೂಡಲೇ ಒಪ್ಪಿದರು. ಮಾರುವವನು ಕೂಡಲೇ ಒಪ್ಪಿದ ಕಡೆ ಕೊಳ್ಳುವವನು ಎದ್ದು ಬರಬೇಕು. ಇದೂ ಸಲಹೆಯೇ. ತಡವಾಗಿ ಕಲಿತದ್ದು.

ಎದೆಯುಬ್ಬಿಸಿಕೊಂಡು ಬಂದು ಹೇಳಿದಾಗ ಉಸ್ತಾದ್ ಲೋಟ ಕೆಳಗಿಟ್ಟರು.

"ಶೆಟ್ರೇ, ನೀವು ಕ್ರಯ ಇಳಿಸಿದ್ದಲ್ಲ. ಗಾಡಿಯ ಶ್ವಾಸಕೋಶ ತೆಗೆಸಿ ಬಂದದ್ದು."

ಜುಲೈನಲ್ಲಿ ಜಹ್ರಾ ರಸ್ತೆಯಲ್ಲಿ ಗೇರ್‌ಬಾಕ್ಸ್ ಸುಟ್ಟಿತು. ಹಿಂದೆ ಕ್ಯಾಂಪಿನ ಮಾಂಸ ಬಿಸಿಲಿಗೆ ನಾರತೊಡಗಿತು. ಇನ್ನೊಮ್ಮೆ ಹೀಗಾದರೆ ಗುತ್ತಿಗೆ ಬೇರೆಯವರಿಗೆ ಎಂದು ಕ್ಯಾಂಪಿನವರು ಹೇಳಿಯೇಬಿಟ್ಟರು. ಗಾಡಿಗೆ ಗ್ಯಾರಂಟಿಯಿತ್ತು. ಆದರೆ ಶೋರೂಮಿನವರು ಓವರ್‌ಲೋಡ್ ಎಂದು ಕೈ ತೊಳೆದುಕೊಳ್ಳಲು ನೋಡಿದರು. ಎಂಥ ಲಜ್ಜೆಗೆಟ್ಟ ಜನ! ಈ ದೇಶದ ಬೇಸಿಗೆಯನ್ನು ಬಲ್ಲವರೇ, ಈ ದೇಶದಲ್ಲಿ ಬದುಕಲಾರದ ಗಾಡಿಯನ್ನು ಬಾಯಿಮುಚ್ಚಿಕೊಂಡು ಮಾರಿದ್ದರು.

ಗ್ಯಾರಂಟಿ ಸಿಗಬೇಕಾದರೆ ಅವರು ಒಪ್ಪಿದ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಮೆಕ್ಯಾನಿಕ್ ಕಾರಣ ಬರೆದುಕೊಡಬೇಕಿತ್ತು. ಅದು ಉಸ್ತಾದರ ಗ್ಯಾರೇಜೇ. ಅದರ ಯಜಮಾನ ಶೋರೂಮಿನ ಕೆಲಸದಿಂದಲೇ ಉಣ್ಣುವವನು. ಶೋರೂಮಿನ ಮ್ಯಾನೇಜರ್ ಸ್ವತಃ ಬಂದು ನಿಂತ.

"ಓವರ್‌ಲೋಡ್ ಲಿಖೋ ಭಾಯಿ, ಖಲಾಸ್!"

ಉಸ್ತಾದ್ ಅವನನ್ನು ಗಾಡಿಯ ಹಿಂದಕ್ಕೆ ಕರೆದರು. "ಬಗ್ಗಿ ನೋಡಿ ಸಾಬ್. ಸ್ಪ್ರಿಂಗ್ ಪ್ಲೇಟು ಮದುಮಗನ ಹಾಗೆ ನೆಟ್ಟಗೆ ನಿಂತುಂಟು. ಭಾರ ಹೊತ್ತದ್ದಾದ್ರೆ ಮೊದ್ಲು ಇದು ಕೂರ್ಬೇಕಿತ್ತು. ಬಗ್ಗಲಿಕ್ಕೆ ಪ್ಯಾಂಟು ಬಿಗಿಯಾ?"

ಗ್ಯಾರೇಜಿನವರೆಲ್ಲ ನಕ್ಕರು. ಯಜಮಾನ ನಗಲಿಲ್ಲ. ಕೂಲರ್ ಇಲ್ಲದೆ ಈ ಗಾಡಿಯನ್ನು ಈ ದೇಶದಲ್ಲಿ ಮಾರಲೇಬಾರದಿತ್ತು ಎಂದು ಬರೆಸಿ, ಉಸ್ತಾದ್ ಕೆಳಗೆ ಸಹಿ ಹಾಕಿದರು. ನನಗೆ ಹೊಸ ಗೇರ್‌ಬಾಕ್ಸ್ ಸಿಕ್ಕಿತು, ಕೂಲರೂ ಸಿಕ್ಕಿತು, ಗುತ್ತಿಗೆಯೂ ಉಳಿಯಿತು. ಉಸ್ತಾದರ ಇಕಾಮಾ ಆ ತಿಂಗಳು ಮುಗಿಯುವುದಿತ್ತು. ದೇಶದಲ್ಲಿ ಉಳಿಯಲು ಬೇಕಾದ ಆ ಪರವಾನಗಿಯನ್ನು ಯಜಮಾನ ಹೊಸದು ಮಾಡಿಸಲಿಲ್ಲ.

"ನಿಮ್ಮ ಅರಬಿ ಹತ್ರ ಒಂದು ಮಾತು ಕೇಳಿ ನೋಡ್ತೀರಾ ಶೆಟ್ರೇ?" ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ನನ್ನ ಕಫೀಲನೂ ಗ್ಯಾರೇಜಿನ ಯಜಮಾನನೂ ಒಂದೇ ದಿವಾನಿಯಾದ ಸಂಜೆಯ ಬೈಠಕ್ಕಿನಲ್ಲಿ ಕೂತು ಹರಟುವವರು. ಒಂದು ಫೋನು ಸಾಕಿತ್ತು. ಆದರೆ ಆ ವಾರವೇ ಇನ್ನೊಂದು ಗಾಡಿಯನ್ನು ಅವನ ಹೆಸರಿನಲ್ಲಿ ತೆಗೆದುಕೊಡುವಂತೆ ನಾನು ಕೇಳುವುದಿತ್ತು. ಅರಬನ ಹತ್ತಿರ ಒಂದು ಸಲಕ್ಕೆ ಒಂದೇ ಕೇಳಬೇಕು ಎಂಬುದು ನನ್ನ ನಿಯಮ. ಅವನ ಜೊತೆ ಕಾವಾ ಕಾಫಿ ಕುಡಿಯುತ್ತ ನಾನು ಗಾಡಿಯನ್ನಷ್ಟೇ ಕೇಳಿದೆ.

ಮರುದಿನ ಉಸ್ತಾದರಿಗೆ ಹೇಳಿದೆ: "ಕೇಳಿದೆ. ಅವ ಒಪ್ಪಲಿಲ್ಲ."

"ಇರ್ಲಿ ಬಿಡಿ. ನೀವು ಕೇಳಿದ್ರಲ್ಲ, ಅದೇ ದೊಡ್ಡದು," ಎಂದರು. ವಿಮಾನ ಹತ್ತುವ ಮೊದಲು ನನ್ನ ಭುಜ ತಟ್ಟಿ, "ಮುಂದೆ ತಗೊಳ್ಳುದಾದ್ರೆ ಜಪಾನಿನದ್ದೇ ತಗೊಳ್ಳಿ" ಎಂದರು.

ಶೋರೂಮಿನವರ ಮೇಲೆ, ಆ ಯಜಮಾನನ ಮೇಲೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಅವರು ಮಾಡಿದ್ದು ಅವರ ವ್ಯಾಪಾರ. ನನ್ನದನ್ನು ಏನೆನ್ನಲಿ?

ಕೆಲವು ವರ್ಷಗಳ ನಂತರ, ಉಸ್ತಾದ್ ಜ್ವರದಲ್ಲಿ ತೀರಿಹೋದರೆಂದು ಅವರ ಊರಿನವನೊಬ್ಬ ಕುವೈತಿನ ಹವಲ್ಲಿಯಲ್ಲಿ ಸಿಕ್ಕಾಗ ಹೇಳಿದ. ರಜೆಗೆ ಊರಿಗೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು, "ಓ, ಕುವೈತಿನ ಶೆಟ್ರಾ?" ಎಂದರು.

"ನಿಮ್ಮ ಹೆಸರು ಹೇಳದ ದಿನ ಇರ್ಲಿಲ್ಲ. ಅವರಿಗೋಸ್ಕರ ಅರಬಿ ಹತ್ರ ಬೇಡಿದ್ದು ನೀವೊಬ್ರೇ ಅಂತೆ. ಪಾಪ, ಅವ ಒಪ್ಪಲಿಲ್ಲಂತಲ್ಲ?"

ಬಾಯಿಯ ಬಲದಿಂದ ಬದುಕು ಕಟ್ಟಿಕೊಂಡವನು ನಾನು. "ಹೌದಮ್ಮ, ಒಪ್ಪಲಿಲ್ಲ," ಎಂದೆ.