ನಿನ್ನ ಹೆಸರಿನ ಹಕಾರ

ಹರ್ಷಿತಾ, ನಿನ್ನ ಹೆಸರಿನ ಮೊದಲ ಅಕ್ಷರವನ್ನು ನುಂಗಿದವಳು ನಾನು. ಕೋಚ್ ಪುಟ್ಟಸ್ವಾಮಿ ಸರ್ ಅಲ್ಲ. ಹಾಸನದ ಜೂನಿಯರ್ ಹಾಕಿ ತಂಡಕ್ಕೆ ಅವರು ಕರೆದದ್ದು ನಿನ್ನನ್ನೇ. ನಾನು ಕಳಿಸಿದ್ದು ಅರ್ಷಿತಾಳನ್ನು. ಅವರ ನಾಲಿಗೆ ತಪ್ಪಿತು ಎಂದು ಇಷ್ಟು ವರ್ಷ ಅವರನ್ನೇ ನಂಬಿಸಿದ್ದೇನೆ — ನಾಲಿಗೆಯದೇನೂ ತಪ್ಪಿರಲಿಲ್ಲ.

ಇದನ್ನು ನಿನಗೆಂದೇ ಬರೆಯುತ್ತಿದ್ದರೂ ಬೇರೆಯವರೂ ಓದಲಿ ಎಂಬ ಆಸೆಯಿದೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡ.

ಆಗ ನಾನು ಚನ್ನರಾಯಪಟ್ಟಣದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನನ್ನೂರು ಹೊಳೆನರಸೀಪುರ. ಅಪ್ಪ ದೇವಸ್ಥಾನದ ಅರ್ಚಕರು, ಉಚ್ಚಾರಣೆ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಹಕಾರ ಹೇಳುವಾಗ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಬೇಕು, ಉಸಿರು ಅಂಗೈಗೆ ತಾಕಬೇಕು, ತಾಕದಿದ್ದರೆ ಅದು ಹಕಾರವೇ ಅಲ್ಲ — ಹೀಗೆ ನಮ್ಮನ್ನು ತಿದ್ದಿದವರು. ಆ ಅಂಗೈಯ ಪಾಠ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಅಪ್ಪನಿಗೆ ಗೊತ್ತಾಗದೆ ಹೋದದ್ದೇ ಒಳ್ಳೆಯದಾಯಿತು.

ನಮ್ಮ ಶಾಲೆಯಲ್ಲಿ ನೀವಿಬ್ಬರು. ನೀನು ನುಗ್ಗೇಹಳ್ಳಿಯವಳು, ಕುಳ್ಳಿ, ಓಡಿದರೆ ಹಿಂದಿನಿಂದ ಜಡೆ ಮಾತ್ರ ಕಾಣುತ್ತಿತ್ತು. ಅರ್ಷಿತಾ ದಂಡಿಗನಹಳ್ಳಿಯವಳು, ಉದ್ದನೆಯ ಹುಡುಗಿ, ನಿಧಾನಸ್ಥೆ. ಹಾಜರಿ ಕೂಗುವಾಗ ನಾನು ಹಕಾರ ಒತ್ತಿ ಹೇಳುತ್ತಿದ್ದೆ, ನಿಮ್ಮ ಗೆಳತಿಯರಿಗೆ ಆ ಗೊಡವೆಯೇ ಬೇಕಿರಲಿಲ್ಲ. ಹಕಾರವನ್ನು ಮನೆಯಲ್ಲೇ ಬಿಟ್ಟು ಬರುವ ಸೀಮೆ ನಮ್ಮದು. ನೀವಿಬ್ಬರೂ ‘ಅರ್ಸಿತ’ರೇ — ಒಬ್ಬಳು ಕುಳ್ಳಿ ಅರ್ಸಿತ, ಒಬ್ಬಳು ಉದ್ದನ್ ಅರ್ಸಿತ.

ಆ ವರ್ಷ ಹಾಸನದ ತಂಡ ಬರಿದಾಗಿತ್ತು. ಹಳೆಯ ಹುಡುಗಿಯರಿಗೆ ವಯಸ್ಸು ಮೀರಿತ್ತು, ಉಳಿದವರು ಕಾಲೇಜು ಅಂತ ಚೆದುರಿ ಹೋಗಿದ್ದರು. ಕೋಚ್ ಪುಟ್ಟಸ್ವಾಮಿ ಸರ್ ತಂಡವನ್ನು ಬುಡದಿಂದ ಕಟ್ಟಬೇಕೆಂದು ಹೊರಟಿದ್ದರು. ಸೈನ್ಯದಲ್ಲಿ ಆಡಿ ಬಂದವರು, ಅರಕಲಗೂಡಿನ ಕಡೆಯ ಹಳ್ಳಿಯವರು. ಅವರು ಮೈದಾನದ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಗೋಲಿನ ಬಲೆ ಅಲ್ಲಾಡುತ್ತದೆ ಎಂದು ಹುಡುಗಿಯರು ತಮಾಷೆ ಮಾಡುತ್ತಿದ್ದರು. ಅರಕಲಗೂಡು, ಹೊಳೆನರಸೀಪುರ ಮುಗಿಸಿ ಚನ್ನರಾಯಪಟ್ಟಣದಲ್ಲಿ ಆಯ್ಕೆ ನಡೆಸಿದರು. ಅವತ್ತು ನೀನು ಆಡಿದ ಆಟ — ಅದನ್ನು ನಾನು ವರ್ಣಿಸಲಾರೆ. ನೋಡುತ್ತ ನಿಂತವಳಿಗೆ ಖುಷಿಯೂ ಆಯಿತು, ಭಯವೂ ಆಯಿತು. ಇವಳನ್ನು ಕರೆದುಕೊಂಡು ಹೋಗಿಬಿಡುತ್ತಾರೆ ಎಂದು ಅಲ್ಲೇ ಗೊತ್ತಾಗಿಹೋಯಿತು.

ನಿನ್ನನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ, ಹರ್ಷಿತಾ. ವಿಷಯ ಇಷ್ಟೇ. ಗೋಲಿನ ಕಂಬವೂ ಇಲ್ಲದ ಶಾಲೆಯಲ್ಲಿ, ಹಾಕಿ ಎಂದರೆ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದ ಕಾಲದಿಂದ ಒಂದು ತಂಡ ಮಾಡಿದ್ದೆ. ಆ ತಂಡವೆಂದರೆ ನೀನು. ನೀನಿದ್ದರೆ ತಾಲ್ಲೂಕಿನಲ್ಲಿ ನಾವೇ ಗೆಲ್ಲುತ್ತಿದ್ದೆವು. ಹೆಡ್‌ಮಾಸ್ಟರು ನನ್ನನ್ನು ಹೊಗಳುತ್ತಿದ್ದರು, ಬೇರೆ ಶಾಲೆಯ ಪಿ.ಟಿ. ಮೇಷ್ಟರುಗಳು ನನ್ನ ಕಡೆ ಕೈ ತೋರಿಸಿ ಮಾತಾಡುತ್ತಿದ್ದರು. ಆ ಕೈ ತೋರಿಸುವಿಕೆ ನನಗೆ ಬೇಕಾಗಿತ್ತು.

ಪುಟ್ಟಸ್ವಾಮಿ ಸರ್ ಫೋನ್ ಮಾಡಿದರು.

“ಮೇಡಂ, ನಿಮ್ ಸ್ಕೂಲಿನ ಅರ್ಸಿತಾನ ತಗಂಡಿದ್ದೀವಿ. ಸೋಮವಾರ ಆಸನಕ್ಕೆ ಕರ್ಸಿ. ಆಸ್ಟೆಲ್ನಲ್ಲಿ ಉಳ್ದಿರಾದು ಒಂದೇ ಜಾಗ, ಅವ್ಳಿಗೇ ಅಂತ ಇಟ್ಟಿವ್ನಿ.”

“ಅರ್ಷಿತಾನಾ ಸರ್?” ಅಂದೆ. ಅಕಾರವನ್ನು ಚೆನ್ನಾಗಿ ಒತ್ತಿ, ಒಂದು ಚೂರೂ ಉಸಿರು ತಾಕಿಸದೆ.

“ಊಂ ಕಣಮ್ಮ, ಅರ್ಸಿತಾನೇ. ಏನ್ ಉಡ್ಗಿ ಅಂತೀನಿ. ಚೆಂಡು ಸ್ಟಿಕ್ಕಿಗೆ ಅಂಟ್ಕಂಡಂಗೆ ಓಡ್ತಾಳೆ.”

ಹಾಗೆ ಓಡುವವಳು ಯಾರು ಎಂದು ಕೇಳಬೇಕೇ? ಆದರೂ ಇನ್ನೊಂದು ಸಲ, “ಅರ್ಷಿತಾ ತಾನೇ?” ಅಂದೆ. ಅವರು ಊಂ ಅಂದರು. ನಾನು ಫೋನ್ ಇಟ್ಟೆ. ನಾಳೆ ಯಾರಾದರೂ ಕೇಳಿದರೆ ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೆ ಎನ್ನಬಹುದಲ್ಲ — ಆ ಲೆಕ್ಕಾಚಾರ ಮನಸ್ಸಿನಲ್ಲಿ ಮುಗಿದೇ ಹೋಗಿತ್ತು.

ಸೋಮವಾರ ಅರ್ಷಿತಾಳನ್ನು, ಅವಳ ಅಪ್ಪನನ್ನು ಕರೆದುಕೊಂಡು ನಾನೇ ಹಾಸನಕ್ಕೆ ಹೊರಟೆ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿಗೆ ನೀನು ಬಂದಿದ್ದೆ. ಅವಳ ಬ್ಯಾಗು ಹೊತ್ತು ತಂದು ಸೀಟಿನ ಮೇಲಿಟ್ಟೆ. ಅವಳ ಸ್ಟಿಕ್ಕಿನ ಹಿಡಿ ಬಿಚ್ಚಿಹೋಗಿತ್ತೆಂದು ನಿನ್ನದನ್ನು ಕೊಟ್ಟೆ. ಬಸ್ಸು ಹೊರಡುವ ಮೊದಲು ಕಿಟಕಿಯ ಹತ್ತಿರ ಬಂದು ನನ್ನನ್ನು ಕೇಳಿದೆ.

“ಮಿಸ್, ನನ್ನಾಟ್ದಲ್ಲಿ ಏನ್ ತಪ್ಪಾಯ್ತು?”

ಏನೂ ಇಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅಂದಿದ್ದರೂ ಆಗುತ್ತಿತ್ತು. ನಾನು ಹೇಳಿದ್ದು — “ನಿನ್ನ ರಿವರ್ಸ್ ಸರಿಯಿಲ್ಲ, ಹರ್ಷಿತಾ. ಇನ್ನೂ ಪಳಗಬೇಕು.”

ಸ್ಟಿಕ್ಕನ್ನು ಮಗುಚಿ ಎಡಗಡೆಯ ಚೆಂಡನ್ನು ಹಿಡಿಯುವ ಆ ಕೆಲಸದಲ್ಲಿ ಇಡೀ ಜಿಲ್ಲೆಯಲ್ಲಿ ನಿನ್ನಂಥವಳಿರಲಿಲ್ಲ. ಬಾಯಿಗೆ ಅದೇ ಏಕೆ ಬಂತೋ… ಬಹುಶಃ ಅವತ್ತಿನ ಆಟದಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದುದು ಅದೇ ಆಗಿತ್ತು.

ಹಾಸನದ ಮೈದಾನದಲ್ಲಿ ಪುಟ್ಟಸ್ವಾಮಿ ಸರ್ ಅರ್ಷಿತಾಳನ್ನು ನೋಡಿದರು, ಅವಳ ಹಿಂದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: “ಈ ಉಡ್ಗಿ ಅಲ್ವಲ್ಲ ಮೇಡಂ. ಆ ಕುಳ್ಳಿ ಎಲ್ಲಿ?”

“ಅವಳು ಹರ್ಷಿತಾ, ಸರ್. ನೀವು ಹೇಳಿದ್ದು ಅರ್ಷಿತಾ. ನಾನು ಎರಡು ಸಲ ಕೇಳಿದೆನಲ್ಲ.”

ಅವರು ಮತ್ತೆ ಅರ್ಷಿತಾಳ ಕಡೆ ತಿರುಗಿದರು. ಅಷ್ಟರಲ್ಲಿ ಅರ್ಷಿತಾಳ ಅಪ್ಪ ತೋಟದ ಎಳನೀರಿನ ಗೊನೆಯನ್ನು ತಂದು ಅವರ ಕಾಲ ಬಳಿ ಇಟ್ಟು ಕೈ ಮುಗಿದರು. ಮಗಳನ್ನು ಊರೆಲ್ಲ ಸೇರಿ ಕಳಿಸಿಕೊಟ್ಟಿತ್ತು. ಹಾಗೆ ಬಂದ ಹುಡುಗಿಯನ್ನು ವಾಪಸ್ ಹೋಗು ಅನ್ನುವ ಮನುಷ್ಯ ಅವರಲ್ಲ. ಅದೂ ನನಗೆ ಮೊದಲೇ ಗೊತ್ತಿತ್ತು.

“ನನ್ ನಾಲ್ಗೆಗೆ ಬೆಂಕಿ ಬೀಳ,” ಅಂದರು ಅಷ್ಟೆ.

ಅಲ್ಲಿಗೇ ಮುಗಿದಿದ್ದರೂ ನಾನು ಇಷ್ಟು ಕಾಲ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಕೆಲವು ವಾರದ ಮೇಲೆ ಅವರು ನನ್ನ ಹತ್ತಿರ ಬಂದರು. ಆರಡಿ ಆಳು, ಮಕ್ಕಳ ಹಾಗೆ ಸಂಕೋಚಪಡುತ್ತ, “ಮೇಡಂ, ಆ ಅಕ್ಸರ ಒಂದು ಏಳ್ಕೊಡಿ. ನನ್ನಿಂದ ಇನ್ನೊಂದ್ ಮಗೀಗೆ ಅಂಗಾಗ್ಬಾರ್ದು,” ಅಂದರು.

ನಾನು ಹೇಳಿಕೊಟ್ಟೆ ಕಣೆ. ಅಪ್ಪ ಕಲಿಸಿದ ಹಾಗೆಯೇ, ಅಂಗೈ ಮುಂದೆ ಹಿಡಿಸಿ. ಅವರು ಹಾಸನ, ಹೊಳೆನರಸೀಪುರ, ಹರ್ಷಿತಾ ಎಂದು ಅಭ್ಯಾಸ ಮಾಡಿದರು. ನಿನ್ನ ಹೆಸರು ಅವರು ತಾವಾಗಿಯೇ ಸೇರಿಸಿಕೊಂಡದ್ದು. ನನಗೆ ಎಷ್ಟು ಸಲ ಉಪಕಾರ ಹೇಳಿದರೋ.

ಕಲಿತ ಅಕ್ಷರ ಆಮೇಲೆ ಬೇಡದ ಕಡೆಯಲ್ಲೂ ಬರಲು ಶುರುವಾಯಿತು. ಒಂದು ದಿನ ಹೊಸ ಹುಡುಗಿಯರನ್ನು ನಿಲ್ಲಿಸಿಕೊಂಡು, “ಹೆಲ್ರೂ ಹಾಡ್ರವ್ವ,” ಅಂದರು. ಎಲ್ಲರೂ ಆಡಿ ಅನ್ನಬೇಕಾಗಿತ್ತು. ಅರಕಲಗೂಡಿನ ಒಬ್ಬ ಹುಡುಗಿ ಪಾಪ, ನಿಜವಾಗಿ ಹಾಡಲು ಶುರು ಮಾಡಿದಳು. ಮೈದಾನಕ್ಕೆ ಮೈದಾನವೇ ನಕ್ಕಿತು. ನಾನೂ ನಕ್ಕೆ. ಅವರೂ ನಕ್ಕರು, ಆದರೆ ಅಂದಿನಿಂದ ಮಾತು ಕಡಿಮೆ ಮಾಡಿ ಸೀಟಿ ಹಿಡಿದರು. ಬಲೆ ಅಲ್ಲಾಡಿಸುವ ಆ ಕೂಗು ನಿಂತೇ ಹೋಯಿತು.

ಇತ್ತ ನೀನು. ಶಾಲೆ ಬಿಟ್ಟ ಮೇಲೆ ದಿನಾ ಕಾಂಪೌಂಡ್ ಗೋಡೆಗೆ ಚೆಂಡು ಹೊಡೆದು ರಿವರ್ಸ್ ತಿದ್ದಿಕೊಳ್ಳುತ್ತಿದ್ದೆ. ಸ್ಟಾಫ್ ರೂಮಿಗೆ ಆ ಟಕ್ ಟಕ್ ಕೇಳಿಸುತ್ತಿತ್ತು. ಅವರಲ್ಲಿಲ್ಲದ ತಪ್ಪನ್ನು ಅವರು ಅಲ್ಲಿ, ನಿನ್ನಲ್ಲಿಲ್ಲದ ತಪ್ಪನ್ನು ನೀನು ಇಲ್ಲಿ ತಿದ್ದಿಕೊಳ್ಳುತ್ತಿದ್ದಿರಿ. ತಿದ್ದಿಕೊಳ್ಳಬೇಕಾದವಳು ಕಾಫಿ ಕುಡಿಯುತ್ತ ಕೂತಿದ್ದೆ. ಆ ವರ್ಷ ತಾಲ್ಲೂಕಿನ ಕಪ್ಪು ನಮಗೇ ಬಂತು. ಮರುವರ್ಷ ನಿನಗೆ ವಯಸ್ಸು ಮೀರಿತ್ತು.

ಅರ್ಷಿತಾಳ ವಿಷಯಕ್ಕೆ ಒಂದು ಮಾತು. ಪುಟ್ಟಸ್ವಾಮಿ ಸರ್ ಅವಳ ಎತ್ತರ ನೋಡಿ ಗೋಲ್‌ಕೀಪರ್ ಮಾಡಿದರು. ಅವಳು ಕಷ್ಟಪಟ್ಟು ಒಳ್ಳೆಯ ಗೋಲ್‌ಕೀಪರ್ ಆದಳು, ಇವತ್ತು ಹಾಸನದಲ್ಲಿ ಪಿ.ಟಿ. ಟೀಚರ್. ಅದೆಲ್ಲ ಅವಳ ದುಡಿಮೆ. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಅವಳನ್ನು ತೋರಿಸಿ ನನ್ನನ್ನು ನಾನು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಇನ್ನು ಹಾಗೆ ಮಾಡುವುದಿಲ್ಲ.

ನಾನು ಈಗ ನಿವೃತ್ತಳು, ಸುಖವಾಗಿದ್ದೇನೆ. ಮುಚ್ಚಿಡುವುದೇನು, ತೃಪ್ತಿಯ ಬದುಕೇ ನನ್ನದು. ಬೆಳಿಗ್ಗೆ ಎದ್ದರೆ ಹೋಗಲು ಮೈದಾನವಿದೆ. ಹಾಸನದ ತಂಡ ಈ ವರ್ಷ ಮತ್ತೆ ಬರಿದಾಗಿದೆ, ಮತ್ತೆ ಕಟ್ಟುತ್ತಿದ್ದೇವೆ. ಪುಟ್ಟಸ್ವಾಮಿ ಸರ್‌ಗೆ ಮೊಣಕಾಲು ನೋವು, ಹಾಗಾಗಿ ಶಾಲೆ ಶಾಲೆ ಸುತ್ತಿ ಹುಡುಗಿಯರನ್ನು ಹುಡುಕುವ ಕೆಲಸ ನನ್ನದು. ಹೀಗೆ ಸುತ್ತುವಾಗಲೇ ಅಲ್ಲವೇ ನೀನು ಸಿಕ್ಕಿದ್ದು? ಹೊಳೆನರಸೀಪುರದ ಬಸ್ಸು ಹತ್ತಿದರೆ ಕಂಡಕ್ಟರ್ ನೀನೇ. “ಆಧಾರ್ ಕಾರ್ಡ್ ತೋರ್ಸಿ ಮಿಸ್, ಎಂಗಸ್ರು ಅಂತ ಸುಮ್ನೆ ಫ್ರೀ ಟಿಕೆಟ್ ಕೊಟ್ಬುಡಕ್ಕಾಗಲ್ಲ,” ಎಂದು ಕಲಿಸಿದವಳನ್ನೇ ಗದರಿಸುತ್ತೀಯ. ಆ ಬಸ್ಸಿನಲ್ಲಿ ಕೂತರೆ ನನಗೆ ಮನೆಯಲ್ಲಿ ಕೂತ ಹಾಗೆ.

ಹೋದ ತಿಂಗಳು ಆ ಬಸ್ಸಿಗೆ ಸ್ಟಿಕ್ ಹಿಡಿದ ಒಬ್ಬ ಹುಡುಗಿ ಹತ್ತಿದಳು, ನಮ್ಮ ಆಯ್ಕೆಗೆ ಬರುತ್ತಿದ್ದವಳು. ನೀನು ಟಿಕೆಟ್ ಹರಿದು ಕೊಡುತ್ತ ಅವಳಿಗೆ ಹೇಳಿದೆ:

“ರಿವರ್ಸ್ ಚೆನ್ನಾಗಿ ಕಲ್ತ್ಕಳವ್ವ. ನಂದು ಅದೊಂದ್ರಲ್ಲೇ ಓಯ್ತು.”

ನಗುತ್ತಲೇ ಹೇಳಿದೆ. ನನ್ನ ಕಡೆ ತಿರುಗಿ, “ಅಲ್ವಾ ಮಿಸ್?” ಅಂದೆ. ನಾನು ಕಿಟಕಿಯ ಕಡೆ ನೋಡಿದೆ. ಇಷ್ಟು ವರ್ಷ ಆ ಸುಳ್ಳು ನಿನ್ನ ಜೊತೆ ಬಸ್ಸಿನಲ್ಲಿ ಓಡಾಡುತ್ತಿದೆ, ಈಗ ಮುಂದಿನ ಹುಡುಗಿಯರಿಗೂ ದಾಟುತ್ತಿದೆ — ಇದು ನನಗೆ ಹೊಳೆದೇ ಇರಲಿಲ್ಲ. ನೀನು ಮರೆತಿರುತ್ತೀಯ ಅಂದುಕೊಂಡಿದ್ದೆ. ಅವತ್ತು ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು.

ಮರುದಿನ ಮೈದಾನಕ್ಕೆ ಹೋಗಿ ಪುಟ್ಟಸ್ವಾಮಿ ಸರ್‌ಗೆ ಎಲ್ಲ ಹೇಳಿದೆ. ನಿನಗೆ ಮೊದಲು ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ. ಅವರು ಕಲ್ಲುಬೆಂಚಿನ ಮೇಲೆ ಕೂತು ಕೇಳಿದರು. ಹುಡುಗಿಯರು ಎದುರಿಗೆ ಆಡುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಅವರು ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡರು.

“ಅಂಗಾರೆ ನನ್ ನಾಲ್ಗೆ ಚೆನ್ನಾಗೇ ಇತ್ತು ಅನ್ನಿ.”

“ಚೆನ್ನಾಗೇ ಇತ್ತು ಸರ್.”

ಪರವಾಗಿಲ್ಲ ಬಿಡಿ ಎಂದು ಅವರು ಅನ್ನಲಿಲ್ಲ. ಅನ್ನಲಿ ಎಂದು ಒಳಗೊಳಗೇ ಕಾದೆ, ಅನ್ನಲಿಲ್ಲ. ಎದ್ದು ಕುಂಟುತ್ತ ಗೆರೆಯ ತನಕ ಹೋದರು. ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ, “ಆಡ್ರವ್ವ, ಅಂಗ್ಯಾಕ್ ನಿಧಾನಕ್ಕೆ ಓಡ್ತೀರಿ,” ಎಂದು ಕೂಗಿದರು. ಆ ಕೂಗನ್ನು ಎಂದೂ ಕೇಳಿರದ ಈಗಿನ ಹುಡುಗಿಯರು ಬೆಚ್ಚಿ ನಿಂತುಬಿಟ್ಟರು. ನನಗೆ ಅಳು ಬಂತು, ಸಂತೋಷವೂ ಆಯಿತು.

ವಾಪಸ್ ಬಂದು, ನನ್ನ ಮುಖ ನೋಡದೆ, “ಈ ಮಕ್ಳಿಗೆ ರಿವರ್ಸ್ ಏಳ್ಕೊಡಕ್ಕೆ ಒಬ್ರು ಬೇಕು ಮೇಡಂ. ಭಾನ್ವಾರ ಅರ್ಸಿತಾನ ಕರ್ಸಿ,” ಅಂದರು.

ಯಾವ ಅರ್ಸಿತ ಎಂದು ನಾನು ಕೇಳಲಿಲ್ಲ.

ಹರ್ಷಿತಾ, ನೀನು ಬರಲೇಬೇಕೆಂದು ಕೇಳುವ ಮುಖ ನನಗಿಲ್ಲ. ಬರದಿದ್ದರೆ, ಇನ್ನು ಮೇಲೆ ನಿನ್ನ ಬಸ್ಸಿನಲ್ಲಿ ನನ್ನನ್ನು ಮಾತಾಡಿಸದಿದ್ದರೆ, ಅದನ್ನು ಒಪ್ಪಿಕೊಳ್ಳುತ್ತೇನೆ. ನಿನ್ನ ರಿವರ್ಸ್ ಸರಿಯಾಗಿಯೇ ಇತ್ತು, ಅವತ್ತೂ ಸರಿಯಾಗಿಯೇ ಇತ್ತು. ಹಾಸನದಿಂದ ನಿನಗೆ ಕರೆ ಬಂದಿದೆ. ತಲುಪಿಸುವವಳು ನಾನೇ, ತಡವಾಗಿದೆ.