ಸೊಪ್ಪು ಕಟ್ಟಿದ ಗೂಟ

ಮದುವೆಯಾಗಿ ಪುತ್ತೂರಿನಿಂದ ಕೊಲ್ಲಮೊಗ್ರಿಗೆ ಬಂದ ಎರಡನೆಯ ವರ್ಷ; ಐವತ್ತರ ದಶಕದ ಕೊನೆ ಇರಬೇಕು. ಮಾವನ ಐದು ಜೇನುಪೆಟ್ಟಿಗೆಗಳಲ್ಲಿ ಒಂದು ಖಾಲಿಯಾಗಿತ್ತು. ಸಂಜೆಯಾದರೆ ಅವರು ಅದರ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದರು. ಅದನ್ನು ನಾನೇ ತುಂಬಿಸಿಕೊಡಬೇಕು, ಪೇಟೆಯ ಹುಡುಗಿಗೆ ಎಂತ ಗೊತ್ತುಂಟು ಎನ್ನುವವರ ಬಾಯಿ ಮುಚ್ಚಿಸಬೇಕು ಎಂಬ ಹಟ ನನಗೆ. ಹಟದಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ.

ಮಾರ್ಚಿನಲ್ಲಿ ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸುವುದಕ್ಕೆ ಕಾಡಿಗೆ ಹೋಗಿದ್ದೆ. ಗುಡಿಸಿದ ನೆಲದಲ್ಲಿ ಸಣ್ಣ ಸಣ್ಣ ತೂತುಗಳು. ಜೇನಿನಷ್ಟೇ ಗಾತ್ರದ ಕಂದು ಹುಳಗಳು ಕಾಲಿಗೆ ಹೂವಿನ ಹಳದಿ ಹುಡಿ ಮೆತ್ತಿಕೊಂಡು ಒಳಗೆ ಇಳಿಯುತ್ತಿದ್ದವು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಹುತ್ತದಲ್ಲೂ ಗೂಡು ಕಟ್ಟುತ್ತದೆಂದು ಕೇಳಿದ್ದೆ. ಅಷ್ಟು ಸಾಕಾಯಿತು. ಜೇನು ಮೊದಲು ಕಂಡವರು ಪಕ್ಕದಲ್ಲಿ ಗೂಟ ಊರಿ ಹಸಿರು ಸೊಪ್ಪು ಕಟ್ಟಿದರೆ ಬೇರೆ ಯಾರೂ ಮುಟ್ಟುವಂತಿಲ್ಲ. ಅದು ನಮ್ಮ ಕಡೆಯ ಕ್ರಮ. ನಾನೂ ಕಟ್ಟಿ ಮನೆಗೆ ಓಡಿದೆ.

ಕಾಲಲ್ಲಿ ಹುಡಿ ಉಂಟಾ ಎಂದು ಮಾವ ಕೇಳಿದರು. ಹುಡಿ ಹೊತ್ತು ಒಳಗೆ ಹೋದರೆ ಅಲ್ಲಿ ಗೂಡು ಉಂಟೆಂದು ಲೆಕ್ಕ. ಉಂಟು ಎಂದೆ. ತೂತು ಎಷ್ಟು ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ; ತುಡುವೆಯ ಗೂಡಿಗೆ ಬಾಯಿ ಒಂದೇ ಎಂಬುದು ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಹೊತ್ತು ಬಂದವರು ನೆಲದ ತುಂಬ ತೂತು ಕಂಡು ಒಂದು ಗಳಿಗೆ ನಿಂತರು, ನನ್ನ ಮುಖ ನೋಡಿದರು, ಆಮೇಲೆ ಹಾರೆ ಹಾಕಿದರು. ನನ್ನ ಮಾತನ್ನು ಅಷ್ಟು ನಂಬಿದ್ದರಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

ಒಳಗೆ ಮೇಣದ ಎರಿ ಇರಲಿಲ್ಲ, ಹುಳಗಳ ಗುಂಪೂ ಇರಲಿಲ್ಲ. ಒಂದೊಂದು ತೂತಿನ ಕೆಳಗೆ ಮಣ್ಣಿನ ಪುಟ್ಟ ಕೋಣೆಗಳು, ಕೋಣೆಯಲ್ಲಿ ಹಳದಿ ಹುಡಿಯ ಉಂಡೆ, ಉಂಡೆಯ ಮೇಲೆ ಒಂದು ಬಿಳಿ ಮೊಟ್ಟೆ.

ಮಾವ ಹಾರೆ ಕೆಳಗಿಟ್ಟರು. "ಇದು ತುಡುವೆ ಅಲ್ಲ. ಒಂದೊಂದು ಒಟ್ಟೆಯೂ ಒಂದೊಂದು ತಾಯಿಯದ್ದು. ಎಲ್ಲ ಅವಳೊಬ್ಬಳೇ ಮಾಡುದು," ಎಂದರು.

ಅಷ್ಟರಲ್ಲಿ ಒಂದು ಹುಳ ಹಿಂದಿರುಗಿ ಬಂತು. ಅಗೆದ ಮಣ್ಣಿನ ಮೇಲೆ ಸುತ್ತಿ ಸುತ್ತಿ, ಕೊನೆಗೆ ನಾನು ಕಟ್ಟಿದ ಸೊಪ್ಪಿನ ಮೇಲೆ ಕುಳಿತಿತು. ಹೊತ್ತು ತಂದ ಹುಡಿ ಕಾಲಲ್ಲಿ ಹಾಗೆಯೇ ಇತ್ತು. ನನಗೆ ಅಳು ಬಂತು. ಮಾವ ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು.

ಮರುವರ್ಷ ಅದೇ ಜಾಗದ ಅಂಚಿನಲ್ಲಿ ಏಳೆಂಟು ತೂತು ಕಂಡೆ. ಈ ಸಲ ಅರ್ಧ ದಿನ ಕುಕ್ಕರುಗಾಲಲ್ಲಿ ಕುಳಿತು ನೋಡಿದೆ. ಒಂದು ತೂತಿಗೆ ಒಂದೇ ಹುಳ. ಮನೆಯಲ್ಲಿ ಹೇಳಿದಾಗ ಮಾವ ಕತ್ತಿ ಹಿಡಿದು ನನ್ನ ಜೊತೆ ಹೊರಟರು. ಗೂಟ ಕಡಿದು ಅವರೇ ಊರಿದರು; ಸೊಪ್ಪನ್ನು ಮಾತ್ರ ನನ್ನ ಕೈಗೆ ಕೊಟ್ಟರು.

"ನೀನೇ ಕಟ್ಟು. ಕಂಡದ್ದು ನೀನು."