ಭಾವನ ಬೆಳ್ಳನೆಯ ಮರಿಗಳು

ಶನಿವಾರಸಂತೆಯಿಂದ ಮೈಸೂರಿನವರೆಗೆ ಬಸ್ಸು ನನಗೆ ಪುಕ್ಕಟೆ. ಚೆನ್ನೈ ಸೇರಿದ ಮೇಲೆ ಅಲ್ಲಿನ ಸಾಧಾರಣ ಬಸ್ಸೂ ಹೆಂಗಸರಿಗೆ ಪುಕ್ಕಟೆ. ನಡುವಿನ ರೈಲಿಗೆ ಮಾತ್ರ ದುಡ್ಡು ಕೊಟ್ಟೆ. ಎರಡೂ ಸರ್ಕಾರಗಳಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿ, ಒಂದು ಚೀಲದಲ್ಲಿ ಸೀರೆಗಳನ್ನೂ ಇನ್ನೊಂದರಲ್ಲಿ ಗೀತಕ್ಕನಿಗೆಂದು ಒಂದು ಬಾಟಲಿ ಕಾಚಂಪುಳಿಯನ್ನೂ ಇಟ್ಟುಕೊಂಡು ಹೊರಟೆ. ಆ ಹುಳಿಯಿಲ್ಲದೆ ಮಾಡಿದ ಹಂದಿ ಸಾರನ್ನು ನಮ್ಮ ಕಡೆಯವರು ಸಾರು ಎನ್ನುವುದಿಲ್ಲ.

ಹೊರಟದ್ದು ಮಾತ್ರ ಊಟಕ್ಕಲ್ಲ. ಗೀತಕ್ಕ ನನ್ನ ದೊಡ್ಡಪ್ಪನ ಮಗಳು. ಅವಳ ಗಂಡ ಮೋಹನ ಭಾವ ರೈಲ್ವೆಯಲ್ಲಿ ಬೋಗಿ ತೊಳೆಸುವ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಸುಮ್ಮನೆ ಕೂರಲಾರದೆ ಚೆನ್ನೈ ಅಂಚಿನ ಮಣಲಿಯ ಆಚೆ ಜಾಗ ಹಿಡಿದು ಬಿಳಿ ಜಾತಿಯ ಹಂದಿ ಸಾಕತೊಡಗಿದ್ದರು. ಎರಡು ಸೂಲಿನ ಮರಿಗಳು ಒಂದರ ಹಿಂದೊಂದು ಸತ್ತಿದ್ದವು, ಉಳಿದವು ಬೆಳೆಯಲೇ ಇಲ್ಲ. ಈಗ ಮೂರನೆಯ ಸೂಲು. "ಈ ಸಲಾನೂ ಹೋದ್ರೆ ಎಲ್ಲಾ ಮಾರಿ ಬಾಗಿಲು ಹಾಕ್ಬಿಡ್ತೀನಿ ಸರೋಜಾ" ಎಂದು ಭಾವ ಫೋನಿನಲ್ಲಿ ಹೇಳಿದಾಗ ಅವರ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಊರಿನಲ್ಲಿ ನಾನೂ ಹಂದಿ ಸಾಕುವವಳೇ. ಬಂದು ನೋಡುತ್ತೇನೆ ಎಂದೆ.

ಇನ್ನೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಯಜಮಾನರಿಗೆ ಚೆನ್ನೈಯಲ್ಲಿ ಎದೆಯ ಆಪರೇಷನ್ ಆಗಿ, ಗಾಯಕ್ಕೆ ನಂಜು ತಗುಲಿತ್ತು. ಒಂದು ಚೂರು ಧೂಳೂ ಸೋಕಬಾರದು ಎಂದಿದ್ದರು ಡಾಕ್ಟರು. ಗಾಯ ಮಾಗುವವರೆಗೆ ನಾವಿದ್ದದ್ದು ಗೀತಕ್ಕನ ಮನೆಯ ಒಳಕೋಣೆಯಲ್ಲಿ. ಬೆಳಗ್ಗೆ, ಸಂಜೆ ಭಾವ ಪಂಚೆ ಎತ್ತಿಕಟ್ಟಿ, ಮಂಡಿಯೂರಿ ಆ ಕೋಣೆಯನ್ನು ಒರೆಸುತ್ತಿದ್ದರು. ನಾನು ಬಟ್ಟೆ ಕಸಿದುಕೊಳ್ಳಲು ಹೋದರೆ, "ನಿಂಗೆ ಮೂಲೆ ಒರೆಸಕ್ಕೆ ಬರಲ್ಲಮ್ಮ" ಎಂದು ಬೈಯುತ್ತಿದ್ದರು. ನನ್ನ ತಾಳಿ ಉಳಿದದ್ದು ಆ ಒರೆಸುವ ಬಟ್ಟೆಯಿಂದ ಎಂದೇ ನಾನು ಇಂದಿಗೂ ನಂಬಿದ್ದೇನೆ.

ಬೆಳಗಾಗುವ ಹೊತ್ತಿಗೆ ಸೆಂಟ್ರಲ್ ತಲುಪಿದೆ. ಎದುರಿನ ಪಾರ್ಕ್ ನಿಲ್ದಾಣದಿಂದ ಮಾಂಬಲಕ್ಕೆ ಲೋಕಲ್ ರೈಲಿನ ಟಿಕೆಟ್ಟು ಐದೇ ರೂಪಾಯಿ. ಪೊಂಗಲ್ ಮುಗಿದ ವಾರ, ಗಾಳಿ ಹಿತವಾಗಿತ್ತು. ವೆಸ್ಟ್ ಮಾಂಬಲಂನ ಓಣಿಗಳಲ್ಲಿ ಬಾಗಿಲ ಬಾಗಿಲಿಗೂ ರಂಗೋಲಿ. ಅವನ್ನು ತುಳಿಯದಂತೆ ಕುಣಿಕುಣಿದು ನಡೆದು ಮನೆ ಸೇರಿದರೆ, ಮೆಟ್ಟಿಲ ಬಳಿ ಭಾವ ಒಂದು ಚೊಂಬು ನೀರು ಹಿಡಿದು ನಿಂತಿದ್ದರು. ಕಾಲು ತೊಳೆಯದೆ ಆ ಮನೆಗೆ ಪ್ರವೇಶವಿಲ್ಲ. ಗೀತಕ್ಕ ಬಿಸಿ ಇಡ್ಲಿಯ ಮೇಲೆ ತುಪ್ಪ ಸುರಿದು, "ಎಷ್ಟು ಇಳಿದ್ಹೋಗಿದೀಯೇ" ಎಂದಳು. ನಾನು ಹೋದ ಸಲಕ್ಕಿಂತ ದಪ್ಪಗಾಗಿದ್ದೆ. ಆದರೂ ಆ ಮಾತು ಕೇಳಿ ಸಂತೋಷವೇ ಆಯಿತು.

ಮರಿ ಸಾಯುವುದಕ್ಕೆ ಹೋಟೆಲಿನ ಎಂಜಲೇ ಕಾರಣವೆಂದು ಭಾವನ ಅನುಮಾನ. ಹತ್ತಿರದಲ್ಲೇ ಕುಂದಾಪುರದ ಭಟ್ಟರೊಬ್ಬರ ಸಸ್ಯಾಹಾರಿ ಹೋಟೆಲು. ಅಲ್ಲಿ ಉಳಿದ ಅನ್ನ, ಸಾಂಬಾರು, ಪಲ್ಯವೆಲ್ಲ ದಿನವೂ ಡ್ರಮ್ಮಿನಲ್ಲಿ ಮಣಲಿಗೆ ಹೋಗುತ್ತಿತ್ತು. ಸಂಜೆ ಮೂವರೂ ಹೋದೆವು. ಭಟ್ಟರು ತಮ್ಮ ಹೋಟೆಲಿನೊಳಗೆ ಹಂದಿ ಎಂಬ ಶಬ್ದವನ್ನು ಎತ್ತುವವರಲ್ಲ.

"ನಿಮ್ಮ ಮಕ್ಳ್ ಹ್ಯಾಂಗಿದ್ದೊ?" ಎಂದು ಕೇಳಿದರು.

ಉಪ್ಪಿನಕಾಯಿ ಏನಾದರೂ ಸೇರುತ್ತದೆಯೇ, ಉಪ್ಪು ಹೆಚ್ಚಾದರೆ ಅವಕ್ಕೆ ಆಗುವುದಿಲ್ಲ ಎಂದು ನಾನು ಕೇಳಿಬಿಟ್ಟೆ. ಭಟ್ಟರ ಮುಖ ಸಣ್ಣದಾಯಿತು. "ಇಲ್ಲಮ್ಮ, ಉಪ್ಪಿನಕಾಯಿ ಬ್ಯಾರೆಯೇ ತೆಗ್ದ್ ಇಡ್ತ್. ನಮ್ಮ ಅನ್ನ ತಿಂದ್ ಯಾರ್ ಹೊಟ್ಟಿಯೂ ಕೆಡ್ಲಿಲ್ಲ" ಎಂದರು. ಆಮೇಲೆ ಕಾಫಿಯ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಹೊರಗೆ ಬಂದಾಗ ನನಗೇ ನಾಚಿಕೆಯಾಯಿತು.

ಮಾರನೆಯ ಬೆಳಗ್ಗೆ ಲೋಕಲ್ ರೈಲಿನಲ್ಲಿ ಬೀಚ್ ನಿಲ್ದಾಣ, ಅಲ್ಲಿಂದ ಬಸ್ಸಿನಲ್ಲಿ ಮಣಲಿ, ಕೊನೆಗೆ ಶೇರ್ ಆಟೋ. ಎಣ್ಣೆ ಶುದ್ಧಿ ಕಾರ್ಖಾನೆಯ ಚಿಮಣಿಗಳು, ಟ್ಯಾಂಕರ್ ಲಾರಿಗಳ ಸಾಲು, ಮೂಗಿಗೆ ಅಡರುವ ಗಾಳಿ. "ನಮ್ಮ ಮಕ್ಕಳ ವಾಸನೆ ಬಗ್ಗೆ ಇಲ್ಲಿ ಯಾರೂ ಕಂಪ್ಲೇಂಟ್ ಮಾಡಲ್ಲ" ಎಂದು ಗೀತಕ್ಕ ನಕ್ಕಳು.

ಆದರೆ ಭಾವನ ಶೆಡ್ಡಿಗೆ ವಾಸನೆಯೇ ಇರಲಿಲ್ಲ! ಸಿಮೆಂಟು ನೆಲ ನಮ್ಮೂರಿನ ದೇವಸ್ಥಾನದ ಪ್ರಾಂಗಣಕ್ಕಿಂತ ಚೊಕ್ಕಟವಾಗಿತ್ತು. ದಿನಕ್ಕೆ ಮೂರು ಸಲ ಪೈಪು ಹಿಡಿದು ಬೋಗಿ ತೊಳೆದ ಹಾಗೆ ತೊಳೆಯುತ್ತಿದ್ದರು. ಡಾಕ್ಟರನ್ನು ಕೂಡ ಒಳಗೆ ಕರೆದಿರಲಿಲ್ಲ, ಹೊರಗಿನವರ ಚಪ್ಪಲಿಯಿಂದ ಧೂಳು ಬರುತ್ತದೆಂದು. ಹುಳದ ಔಷಧಿಯನ್ನೂ ಟಾನಿಕ್ಕನ್ನೂ ಅಂಗಡಿಯಿಂದಲೇ ತಂದು ಹಾಕಿದ್ದರು.

ತಾಯಿ ಹಂದಿ ಗುಂಡಗೆ ಮಲಗಿತ್ತು. ಮೈಯಲ್ಲಿ ಹೊಳಪು, ಕೆಚ್ಚಲಲ್ಲಿ ಧಾರಾಳ ಹಾಲು. ಭಟ್ಟರ ಅನ್ನದಲ್ಲಿ ದೋಷವಿಲ್ಲವೆಂದು ಅವಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಮರಿಗಳು ಹುಟ್ಟಿ ಹತ್ತಿರ ಹತ್ತಿರ ಎರಡು ವಾರ. ಭಾವ ಒಂದನ್ನು ಎತ್ತಿ ನನ್ನ ಕೈಗಿಟ್ಟರು. "ನೋಡು, ಎಷ್ಟು ಸುತ್ತಮಾ, ಚೊಕ್ಕಟವಾಗಿ ಇಟ್ಟಿದೀನಿ. ಎಷ್ಟು ಬೆಳ್ಳಗಿದಾವೆ!"

ನಿಜವಾಗಿಯೂ ಬೆಳ್ಳಗಿದ್ದವು, ಸುಣ್ಣ ಬಳಿದ ಗೋಡೆಯ ಹಾಗೆ. ನನ್ನ ಕೈಯಲ್ಲಿದ್ದ ಮರಿಯ ಕಿವಿಯಲ್ಲಿ ಕೆಂಪೇ ಇರಲಿಲ್ಲ. ಕೂದಲು ಒರಟಾಗಿ ನಿಂತಿತ್ತು, ಕೆಳಗೆ ಬಿಟ್ಟಾಗ ನಾಲ್ಕು ಹೆಜ್ಜೆ ಓಡಿದ್ದಕ್ಕೇ ಪಕ್ಕೆ ಏದುಸಿರಿನಿಂದ ಹೊಡೆದುಕೊಳ್ಳುತ್ತಿತ್ತು. ನಮ್ಮೂರಿನಲ್ಲಿ ಬಿಳಿ ಜಾತಿಯ ಮರಿ ಎಂದರೆ ಎಳೆ ಗುಲಾಬಿ ಬಣ್ಣ, ಅದೂ ಮಣ್ಣು ಮೆತ್ತಿಕೊಂಡು ಕಾಣುವುದೇ ಕಷ್ಟ.

ಅಷ್ಟರಲ್ಲಿ ನೀರು ಹೋಗುವ ತೂತಿನಿಂದ ಒಂದು ಮರಿ ಒಳಗೆ ನುಸುಳಿತು. ಮೂತಿಯ ತುಂಬಾ ಮಣ್ಣು. ಉಳಿದವಕ್ಕಿಂತ ಒಂದೂವರೆ ಪಟ್ಟು ದೊಡ್ಡದು, ಗುಲಾಬಿ ಮೈ. "ಇವನೊಬ್ಬ ಕಳ್ಳ. ದಿನಾ ಆಚೆ ನುಗ್ಗೆ ಮರದ ಬುಡ ಕೆದಕ್ತಾನೆ. ಎಷ್ಟು ಸಲ ತೊಳೆಯೋದು ಇವನ್ನ" ಎಂದು ಭಾವ ಅದನ್ನು ಹಿಡಿದು ಪೈಪಿನ ಬಳಿಗೆ ಒಯ್ದರು.

ಆ ಗುಲಾಬಿ ಮೈಯನ್ನೂ ಉಳಿದ ಬೆಳ್ಳನೆಯ ಮರಿಗಳನ್ನೂ ಮತ್ತೆ ಮತ್ತೆ ನೋಡಿದೆ. ಕಾರಣ ನನಗೆ ಪೂರ್ತಿ ಗೊತ್ತಿರಲಿಲ್ಲ. ಆದರೆ ಎಲ್ಲಿ ತಪ್ಪಿದೆ ಎಂಬುದು ಕಣ್ಣೆದುರೇ ಇತ್ತು. ನಮ್ಮ ಮನೆಯವರನ್ನು ಉಳಿಸಿದ ಆ ಕೈಗಳಿಗೆ, ನಿಮ್ಮ ಚೊಕ್ಕಟವೇ ಮರಿಗಳನ್ನು ಕೊಲ್ಲುತ್ತಿದೆ ಎಂದು ಯಾವ ಬಾಯಿಂದ ಹೇಳಲಿ? "ಭಾವ, ನನಗೋಸ್ಕರ ಒಂದು ಸಲ ಡಾಕ್ಟರನ್ನ ಒಳಗೆ ಕರೀರಿ. ಚಪ್ಪಲಿ ಹೊರಗೆ ಬಿಡಿಸೋಣ" ಎಂದಷ್ಟೇ ಬೇಡಿಕೊಂಡೆ.

ಮರುದಿನ ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಗುನಗುತ್ತಲೇ ಚಪ್ಪಲಿ ಬಿಟ್ಟು, ಪಾದ ತೊಳೆದು ಒಳಗೆ ಬಂದಳು. ಮರಿಗಳ ಕಣ್ಣಿನ ರೆಪ್ಪೆ ಮಗುಚಿ ನೋಡಿದಳು, ಕಳ್ಳನದನ್ನೂ ನೋಡಿದಳು. "ಇರುಂಬು ಇಲ್ಲೆ ಸಾರ್" ಎಂದಳು. ಇರುಂಬು ಎಂದರೆ ಕಬ್ಬಿಣ. ಅವಳು ತಮಿಳಿನಲ್ಲಿ ಹೇಳಿದ್ದನ್ನು ಗೀತಕ್ಕ ನನಗೆ ಬಿಡಿಸಿ ಹೇಳಿದಳು. ಮರಿ ಹುಟ್ಟುವಾಗ ಮೈಯಲ್ಲಿ ತರುವ ಕಬ್ಬಿಣ ಬಹಳ ಕಡಿಮೆ. ತಾಯಿ ಎಷ್ಟು ಚೆನ್ನಾಗಿ ತಿಂದರೂ ಅವಳ ಹಾಲಿನಲ್ಲಿ ಅದು ಸಾಲದು. ಬಯಲಿನ ಮರಿ ಮಣ್ಣು ಕೆದಕಿ ಆ ಕೊರತೆ ತುಂಬಿಕೊಳ್ಳುತ್ತದೆ. ಸಿಮೆಂಟಿನ ಮೇಲಿನ ಮರಿಗೆ ಹುಟ್ಟಿದ ಮೊದಲ ದಿನಗಳಲ್ಲೇ ಇಂಜೆಕ್ಷನ್ ಕೊಡಬೇಕು. ಇಲ್ಲದಿದ್ದರೆ ರಕ್ತ ತೆಳುವಾಗಿ ಬೆಳವಣಿಗೆ ನಿಲ್ಲುತ್ತದೆ, ಸಣ್ಣ ಕಾಯಿಲೆಗೂ ಮರಿ ಸಾಯುತ್ತದೆ.

ಭಾವ ಮರಿಗಳ ಕಡೆ ತಿರುಗಿದರು. ಪೈಪು ಕೈಯಲ್ಲೇ ಇತ್ತು. "ಹಂಗಾದ್ರೆ ಆ ಮರಿಗಳನ್ನೆಲ್ಲಾ ನಾನೇ..." ಎಂದು ನಿಲ್ಲಿಸಿದರು.

"ಭಾವ, ನೀವು ಒರೆಸಿದ್ದಕ್ಕೆ ನಮ್ಮನೆಯವರು ಇವತ್ತು ಊರಲ್ಲಿ ನನ್ನ ಹಂದಿಗಳಿಗೆ ತೌಡು ಕಲಸ್ತಾ ಇದಾರೆ" ಎಂದೆ. "ಅವತ್ತು ಅವರಿಗೆ ಅದೇ ಬೇಕಿತ್ತು. ಇವಕ್ಕೆ ಬೇರೆ ಬೇಕು. ಅಷ್ಟೇ."

ಅವರು ಪೈಪನ್ನು ಕೆಳಗಿಟ್ಟರು.

ಡಾಕ್ಟರು ಅಂದೇ ಎಲ್ಲ ಮರಿಗಳಿಗೂ ಚುಚ್ಚಿದಳು. ಮಣ್ಣನ್ನೂ ಹಾಕಿ ಎಂದಳು, ಆದರೆ ಕಾರ್ಖಾನೆಗಳ ಬದಿಯದು ಬೇಡ, ಹಂದಿ ಓಡಾಡಿದ ಜಾಗದ್ದೂ ಬೇಡ. ಕಳ್ಳನ ತೂತಿಗೂ ಜಾಲರಿ ಬಿತ್ತು. ಹಾಗಾಗಿ ನಮ್ಮ ಮುಂದಿನ ಪ್ರಯಾಣ ರೆಡ್ ಹಿಲ್ಸ್ ಕಡೆಗೆ. ಹೆಸರಿಗೆ ತಕ್ಕ ಕೆಂಪು ಮಣ್ಣು. ತೋಟದ ಮುದುಕಿಯೊಬ್ಬಳು, ಪೂಜೆಗಾ ಎಂದು ಕೇಳಿ, ಅಗೆದುಕೊಳ್ಳಲು ಗುದ್ದಲಿಯನ್ನೂ ಕೊಟ್ಟಳು. ಹಂದಿ ಮರಿಗೆ ಎಂದು ಭಾವ ಹೇಳಿದ್ದಕ್ಕೆ ನಕ್ಕು ನಕ್ಕು ಕುಡಿಯಲು ಮಜ್ಜಿಗೆಯನ್ನೂ ತಂದಳು. ಆ ಪುಣ್ಯಾತ್ಗಿತ್ತಿಯ ಹೆಸರು ಕೇಳಲು ಮರೆತೆ.

ಆಮೇಲಿನ ದಿನಗಳೆಲ್ಲ ಶೆಡ್ಡಿನಲ್ಲೇ ಕಳೆದವು. ಅನ್ನ ಸಾಂಬಾರಿನಿಂದ ಹೊಟ್ಟೆ ತುಂಬುತ್ತದೆ, ಮೈ ಬೆಳೆಯಲು ಅಷ್ಟೇ ಸಾಲದೆಂದು ಡಾಕ್ಟರು ಹೇಳಿದ್ದಳು. ಎಂಜಲನ್ನು ಚೆನ್ನಾಗಿ ಕುದಿಸಿಯೇ ಹಾಕಬೇಕು, ಜೊತೆಗೆ ಕಡಲೆ ಹಿಂಡಿ, ಖನಿಜದ ಪುಡಿ, ಕಾಸಿಮೇಡಿನ ಮೀನು ಬಂದರಿನಿಂದ ತಂದ ಒಣಮೀನಿನ ಪುಡಿ. ಮರಿಗಳಿಗೆ ಜೋಳದ ನುಚ್ಚನ್ನು ಬೇರೆ ಮೂಲೆಯಲ್ಲಿ ಇಟ್ಟೆವು. ವಾರ ತುಂಬುವಷ್ಟರಲ್ಲಿ ಕಿವಿಗಳಲ್ಲಿ ಎಳೆಗೆಂಪು ಕಂಡಿತು. ಎರಡು ಮರಿ ಮಾತ್ರ ಉಳಿಯಲಿಲ್ಲ. ಮಿಕ್ಕವು ಮಣ್ಣಿನ ಗುಡ್ಡೆಗಾಗಿ ಕಿತ್ತಾಡುತ್ತಿದ್ದವು, ಎಲ್ಲಕ್ಕೂ ಮುಂದೆ ಕಳ್ಳ.

ಭಟ್ಟರ ಬಳಿಗೆ ಹೋಗಿ ಕೈಮುಗಿದೆ. "ತಪ್ಪು ನಿಮ್ಮ ಅನ್ನದ್ದಲ್ಲ ಭಟ್ಟರೆ. ತಾಯಿಯನ್ನ ಸಾಕಿದ್ದೇ ಅದು."

"ಗೊತ್ತಿತ್ತ್ ಬಿಡಿ" ಎಂದು ಅವರು ಮೈಸೂರು ಪಾಕಿನ ಪೊಟ್ಟಣ ಕೊಟ್ಟರು. "ಇದ್ ನಿಮ್ಗೆ. ಮಕ್ಳಿಗಲ್ಲ."

ಹೊರಡುವ ಹಿಂದಿನ ದಿನ ಗೀತಕ್ಕ ಪುರಸೈವಾಕ್ಕಂಗೆ ಎಳೆದುಕೊಂಡು ಹೋಗಿ, ಬೇಡಬೇಡವೆಂದರೂ ಒಂದು ಕಾಟನ್ ಸೀರೆ, ಯಜಮಾನರಿಗೆ ಪಂಚೆ ಕೊಡಿಸಿದಳು. ಕೊಡುವುದಕ್ಕೆಂದು ಬಂದವಳು ಮತ್ತೆ ತೆಗೆದುಕೊಂಡೇ ಹೊರಟೆ. ಈ ಮನೆಯ ಋಣ ತೀರುವಂಥದ್ದಲ್ಲ, ತೀರುವುದು ನನಗೆ ಬೇಕಾಗಿಯೂ ಇಲ್ಲ.

ಸೆಂಟ್ರಲ್‌ಗೆ ಇಬ್ಬರೂ ಕಳಿಸಲು ಬಂದಿದ್ದರು. ಭಾವ ಶೆಡ್ಡಿನಿಂದ ನೇರವಾಗಿ ಬಂದವರು, ನನ್ನ ಸೀಟು ಹುಡುಕಿ ಚೀಲ ಮೇಲಿಟ್ಟು, ಅಭ್ಯಾಸದಂತೆ ಬೋಗಿಯ ನೆಲ ನೋಡಿ, "ಮೂಲೆ ಒರೆಸಿಲ್ಲ" ಎಂದು ಗೊಣಗಿ ಇಳಿದರು. ಕಿಟಕಿಯ ಹೊರಗೆ ನಿಂತಾಗ ನೋಡುತ್ತೇನೆ, ಅವರ ಬಿಳಿ ಅಂಗಿಯ ಎದೆಯ ಮೇಲೆ ಕೆಂಪು ಮಣ್ಣಿನ ಪುಟ್ಟ ಗೊರಸಿನ ಗುರುತುಗಳು. ಯಾವುದೋ ಮರಿಯನ್ನು ಎತ್ತಿಕೊಂಡಿದ್ದರು, ಅದು ಅವರ ಗಮನಕ್ಕೇ ಬಂದಿರಲಿಲ್ಲ.

ಗೀತಕ್ಕ ಸೆರಗಿನ ತುದಿ ಹಿಡಿದು ಒರೆಸಲು ಹೋದಳು.

ರೈಲು ಹೊರಟಿತ್ತು. "ಇರ್ಲಿ ಬಿಡಕ್ಕಾ" ಎಂದು ಕೂಗಿದೆ.